ಚರಿತ್ರೆಯ ಬಂಡಾಯಗಾರರೂ ಚುನಾವಣೆಯ ಪತಾಕೆಗಳೂ: ಒಂದು ವಿಮರ್ಶೆ

ಒಂದು ಕಾಲದ ರಾಜದ್ರೋಹಿ ಇನ್ನೊಂದು ಕಾಲದಲ್ಲಿ ರಾಷ್ಟ್ರವೀರನೆನಿಸುವುದು ಲೋಕದಲ್ಲಿ ಹೊಸತೇನೂ ಅಲ್ಲ. ಹಾಗೆ ಎನಿಸಿಕೊಳ್ಳುವಾಗ ಅವನ ಚರಿತ್ರೆಯ ಯಾವ ಭಾಗ ಉಳಿಯಿತು, ಯಾವ ಭಾಗ ಬಿದ್ದುಹೋಯಿತು ಎಂಬುದನ್ನು ನೋಡುವುದು ವಿಮರ್ಶೆಗೆ ಸೇರಿದ ಕೆಲಸ. ಕಾವ್ಯನಾಟಕಗಳನ್ನು ಹೇಗೋ ಹಾಗೆ ಒಂದು ಪ್ರತಿಮೆಯನ್ನೂ, ಒಂದು ನಾಮಫಲಕವನ್ನೂ, ಬೀದಿಯಲ್ಲಿ ಕಟ್ಟಿದ ಒಂದು ಮಹಾದ್ವಾರವನ್ನೂ ವಿಮರ್ಶಿಸಬಹುದು. ಅವೂ ಕಥೆಯನ್ನೇ ಹೇಳುತ್ತವೆ, ಅವಕ್ಕೂ ಕರ್ತೃಗಳಿದ್ದಾರೆ, ಓದುಗರಿದ್ದಾರೆ. ಪ್ರಕೃತ ಲೇಖನದಲ್ಲಿ ಕರ್ನೂಲು ಸೀಮೆಯ ಉಯ್ಯಾಲವಾಡ ನರಸಿಂಹರೆಡ್ಡಿಯ ವೃತ್ತಾಂತವನ್ನು ಮುಖ್ಯವಾಗಿಟ್ಟುಕೊಂಡು, ಕನ್ನಡ ನಾಡಿನ ಸಂಗೊಳ್ಳಿ ರಾಯಣ್ಣ, ಟಿಪ್ಪು ಸುಲ್ತಾನ್ ಇವರ ವಿಷಯವನ್ನು ಅದರ ಪಕ್ಕದಲ್ಲಿರಿಸಿ, ರಾಜಕೀಯ ಪಕ್ಷಗಳು ಇಂಥ ಪುರುಷರನ್ನು ಬಳಸಿಕೊಳ್ಳುವ ಬಗೆಯನ್ನು ಪರಿಶೀಲಿಸಲು ಯತ್ನಿಸಿದೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪಕ್ಷಗಳು ಬಂಡಾಯಗಾರನ ಮುಖವನ್ನೂ ಕತ್ತಿಯನ್ನೂ ಎರವಲು ಪಡೆಯುತ್ತವೆ. ಅವನ ಅಹವಾಲನ್ನು ಬಿಟ್ಟುಬಿಡುತ್ತವೆ. ಆ ಕತ್ತಿಗೆ ಸಿಕ್ಕವರನ್ನಂತೂ ನೆನೆಯುವುದೇ ಇಲ್ಲ.

೧

ಮೊದಲು ನೆಲದ ಸಂಗತಿ. ಆದವಾನಿ, ಆಲೂರುಗಳು ೧೯೫೩ರ ಅಕ್ಟೋಬರ್ ೧ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳಾಗಿದ್ದು, ಅಂದು ರಾಯದುರ್ಗದೊಡನೆ ಆಂಧ್ರ ರಾಜ್ಯಕ್ಕೆ ಸೇರಿದವೆಂಬುದು ವಾಚಕರಿಗೆ ತಿಳಿದೇ ಇದೆ. ಅದಕ್ಕೂ ಹಿಂದೆ, ೧೮೦೦ರಲ್ಲಿ, ಹೈದರಾಬಾದಿನ ನಿಜಾಮನು ಈ ಸೀಮೆಯನ್ನೆಲ್ಲ ಇಂಗ್ಲಿಷ್ ಕಂಪನಿಗೆ ಬಿಟ್ಟುಕೊಟ್ಟದ್ದರಿಂದ ಇದಕ್ಕೆ ದತ್ತಮಂಡಲವೆಂದು ಹೆಸರಾಯಿತು. ಆಗ ಇಲ್ಲಿ ಸುಮಾರು ೮೦ ಮಂದಿ ಪಾಳೆಯಗಾರರಿದ್ದರು. ೧೮೦೦ರಿಂದ ೧೮೦೭ರವರೆಗೆ ಮುಖ್ಯ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಇವರ ಸೇನೆಗಳನ್ನು ಚದುರಿಸಿ, ಪಾಳೆಯಗಳನ್ನು ತೆಗೆದುಕೊಂಡು, ಅನೇಕರಿಗೆ ಪಿಂಚಣಿ ಗೊತ್ತುಮಾಡಿದನು. ಮನ್ರೋನ ರೈತವಾರಿಯನ್ನು ಹೊಗಳುವ ನಮ್ಮ ಪಾಠಗಳಲ್ಲಿ ಈ ಪಿಂಚಣಿದಾರರ ಮನೆಗಳಲ್ಲಿ ಹೊಗೆಯಾಡುತ್ತಿದ್ದ ಅಸಮಾಧಾನದ ಮಾತು ಬರುವುದು ಅಪರೂಪ.

ಅಂಥ ಒಂದು ಮನೆಯವನು ನರಸಿಂಹರೆಡ್ಡಿ. ನೊಸ್ಸಂ ಪಾಳೆಯಗಾರರ ವಂಶಕ್ಕೆ ಸಂಬಂಧಪಟ್ಟ ಈತನಿಗೆ ತಿಂಗಳಿಗೆ ಬರುತ್ತಿದ್ದ ಪಿಂಚಣಿ ೧೧ ರೂಪಾಯಿ ೧೦ ಆಣೆ ೮ ಪೈ. ಮನೆತನಕ್ಕೆ ಸಲ್ಲುತ್ತಿದ್ದ ಪಿಂಚಣಿಯ ಇನ್ನೊಂದು ಭಾಗವು ಹಕ್ಕುದಾರರು ತೀರಿಕೊಂಡಾಗ ನಿಂತುಹೋಯಿತು. ಅದು ತನಗೆ ಸಲ್ಲಬೇಕೆಂದು ಈತ ಕೇಳಿದಾಗ ಸರ್ಕಾರ ಒಪ್ಪಲಿಲ್ಲ. ಇದು ಒಬ್ಬನ ದೂರು. ಆದರೆ ಅದೇ ಸಮಯದಲ್ಲಿ ಕಟ್ಟುಬಡಿಗಳ ಇನಾಮುಗಳನ್ನು ವಾಪಸು ತೆಗೆದುಕೊಳ್ಳುವ ವಿಚಾರವನ್ನೂ ಸರ್ಕಾರ ನಡೆಸಿತ್ತು. ಕಟ್ಟುಬಡಿಗಳೆಂದರೆ ಹಳ್ಳಿಯ ಕಾವಲಿಗೂ ಪಾಳೆಯಗಾರನ ದಂಡಿಗೂ ಸೇವೆ ಸಲ್ಲಿಸಿ ಅದಕ್ಕಾಗಿ ಹೊಲವನ್ನು ಅನುಭವಿಸಿಕೊಂಡು ಬಂದ ಜನ. ಹೊಲ ಹೋಗುತ್ತದೆಂಬ ಭಯ ಅವರನ್ನು ರೆಡ್ಡಿಯ ಸುತ್ತ ಕೂಡಿಸಿತು. ಒಬ್ಬನ ಪಿಂಚಣಿಯ ಕೊರತೆಯೂ ನೂರಾರು ಜನರ ಹೊಲದ ಆತಂಕವೂ ಒಂದಾದಾಗ ದಂಗೆ ಹುಟ್ಟಿತು.

೧೮೪೬ರ ಜುಲೈ ತಿಂಗಳಲ್ಲಿ ಕೋಯಿಲಕುಂಟ್ಲದ ಖಜಾನೆಯ ಮೇಲೆ ದಾಳಿಯಾಯಿತು. ಈ ದಂಗೆಯಲ್ಲಿ ತಹಸೀಲ್ದಾರನೊಬ್ಬನೂ ಸರ್ಕಾರದ ಕಾವಲಿನವರೂ ಪ್ರಾಣ ಕಳೆದುಕೊಂಡರು. ನಲ್ಲಮಲೆಯ ಕಾಡುಗಳಲ್ಲಿ ಅಲೆದ ರೆಡ್ಡಿ ಅಕ್ಟೋಬರಿನಲ್ಲಿ ಸೆರೆಸಿಕ್ಕಿ, ೧೮೪೭ರ ಫೆಬ್ರವರಿ ೨೨ರಂದು ಕೋಯಿಲಕುಂಟ್ಲದಲ್ಲಿ ಬಹಿರಂಗವಾಗಿ ಗಲ್ಲಿಗೇರಿದನು. ಅವನ ತಲೆಯನ್ನು ೧೮೭೭ರವರೆಗೆ, ಎಂದರೆ ೩೦ ವರ್ಷ, ಕೋಟೆಯಲ್ಲಿ ಜನ ನೋಡುವಂತೆ ತೂಗಹಾಕಿದ್ದರು. ೯೦೧ ಮಂದಿಯ ಮೇಲೆ ಆರೋಪ ಹೊರಿಸಿ, ೧೧೨ ಮಂದಿಗೆ ಶಿಕ್ಷೆ ವಿಧಿಸಿದರು. ಇದಿಷ್ಟೂ ಸರ್ಕಾರಿ ದಾಖಲೆಯಿಂದ ಬಂದ ಸಂಗತಿ. ದಾಖಲೆಯ ಕಣ್ಣಿಗೆ ಅವನು ದಂಗೆಕೋರ. ಆದರೂ ಪಿಂಚಣಿಯ ಲೆಕ್ಕವನ್ನು ಪೈವರೆಗೂ ಬರೆದಿಟ್ಟ ಆ ದಾಖಲೆಯೇ ಅವನ ಅಹವಾಲನ್ನು ನಮಗೆ ಉಳಿಸಿಕೊಟ್ಟಿದೆಯೆಂಬುದು ಗಮನಿಸತಕ್ಕದ್ದು.

೨

ದಾಖಲೆಯ ಪಕ್ಕದಲ್ಲಿ ಹಾಡು ಬೆಳೆಯಿತು. ರಾಯಲಸೀಮೆಯ ಹಳ್ಳಿಗಳಲ್ಲಿ ನರಸಿಂಹರೆಡ್ಡಿಯ ಮೇಲಿನ ತೆಲುಗು ವೀರಗಾಥೆಯನ್ನು ತಲೆಮಾರುಗಳಿಂದ ಹಾಡಿಕೊಂಡು ಬಂದಿದ್ದಾರೆ. ತಂಗಿರಾಲ ವೆಂಕಟಸುಬ್ಬರಾವು ಅವರು ತೆಲುಗು ವೀರಗಾಥೆಗಳನ್ನು ಸಂಗ್ರಹಿಸಿ ಅಭ್ಯಾಸ ಮಾಡಿದಾಗ ಈ ರೇನಾಡಿನ ಇಬ್ಬರನ್ನು ಸೂರ್ಯಚಂದ್ರರೆಂದು ಜೊತೆಗೂಡಿಸಿದರು. ಒಬ್ಬ ನರಸಿಂಹರೆಡ್ಡಿ, ಇನ್ನೊಬ್ಬ ಅದೇ ಉಯ್ಯಾಲವಾಡದ ಬುಡ್ಡಾ ವೆಂಗಳರೆಡ್ಡಿ. ಈತ ೧೮೬೬ರ ಬರಗಾಲದಲ್ಲಿ ಸಾವಿರಾರು ಜನಕ್ಕೆ ಅನ್ನವಿಕ್ಕಿದ ದಾನಿ. ವಿಕ್ಟೋರಿಯಾ ರಾಣಿಯ ಸರ್ಕಾರದಿಂದ ಚಿನ್ನದ ಪದಕ ಪಡೆದವನು. ಒಂದೇ ಊರು. ಒಬ್ಬನ ತಲೆ ಕೋಟೆಯಲ್ಲಿ ತೂಗುತ್ತಿದ್ದಾಗಲೇ ಇನ್ನೊಬ್ಬನ ಕೊರಳಿಗೆ ಅದೇ ಸರ್ಕಾರದ ಪದಕ ಬಂದಿತು. ಹಾಡುವವರಿಗೆ ಇದರಲ್ಲಿ ವಿರೋಧ ಕಾಣಲಿಲ್ಲ. ಹಸಿದವನಿಗೆ ಅನ್ನ ಕೊಟ್ಟವನೂ ದೊಡ್ಡವ, ದೊರೆಗೆ ಎದುರಾಗಿ ನಿಂತವನೂ ದೊಡ್ಡವ. ಇಬ್ಬರ ಹೆಸರೂ ಒಂದೇ ಗಂಟಲಿನಲ್ಲಿ ಹೊರಟವು. ಜನಪದದ ಈ ಉದಾರ ವಿವೇಕವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ನೋಡಬೇಕು.

೨೦೧೯ರ ಅಕ್ಟೋಬರ್ ೨ರಂದು ಇದೇ ಹಾಡಿನ ಪಲ್ಲವಿಯಿಂದ ಹೆಸರು ಪಡೆದ ‘ಸೈರಾ ನರಸಿಂಹರೆಡ್ಡಿ’ ಚಲನಚಿತ್ರ ತೆರೆಕಂಡಿತು. ಸುರೇಂದರ್ ರೆಡ್ಡಿಯವರ ನಿರ್ದೇಶನ. ಒಮ್ಮೆ ಪಕ್ಷ ಕಟ್ಟಿ ರಾಜಕೀಯವನ್ನೂ ನಡೆಸಿದ್ದ ಚಿರಂಜೀವಿಯವರು ನಾಯಕರು. ನಮ್ಮ ಸುದೀಪರು ಅವುಕು ರಾಜನ ಪಾತ್ರದಲ್ಲಿದ್ದರು. ಕನ್ನಡ ಮಾತುಗಳೊಂದಿಗೂ ಅದು ಬಂದುದರಿಂದ ಗಡಿಯ ಮಕ್ಕಳು ಎರಡು ಭಾಷೆಗಳಲ್ಲೂ ನೋಡಿದರು. ಚಿತ್ರವು ಕಥೆಯನ್ನು ಝಾನ್ಸಿಯ ರಾಣಿಯ ಬಾಯಿಂದ ಹೇಳಿಸಿ, ೧೮೫೭ಕ್ಕೆ ಇವನೇ ಮೊದಲ ದೀಪವೆಂಬ ಭಾವವನ್ನು ತರುತ್ತದೆ. ರೈತರ ಮೇಲಿನ ತೆರಿಗೆಯ ಕಷ್ಟವನ್ನು ಅದು ತೋರಿಸದೆ ಬಿಟ್ಟಿಲ್ಲ, ಇದನ್ನು ಒಪ್ಪಬೇಕು. ಆದರೆ ೧೧ ರೂಪಾಯಿಯ ಪಿಂಚಣಿ, ಕಟ್ಟುಬಡಿಯ ಇನಾಮು ಇವು ಅದರ ಕೇಂದ್ರವಲ್ಲ. ಕೇಂದ್ರದಲ್ಲಿರುವುದು ಅಖಂಡ ಭಾರತದ ಸ್ವಾತಂತ್ರ್ಯವೆಂಬ ಕಲ್ಪನೆ. ೧೮೪೬ರ ಕೋಯಿಲಕುಂಟ್ಲದವನು ಆ ಮಾತನ್ನು ನಾವು ಇಂದು ತಿಳಿಯುವ ಅರ್ಥದಲ್ಲಿ ತಿಳಿದಿದ್ದನೆನ್ನಲು ಆಧಾರವಿಲ್ಲ.

೨೦೨೧ರ ಮಾರ್ಚ್ ತಿಂಗಳಲ್ಲಿ ಓರ್ವಕಲ್ಲಿನ ವಿಮಾನ ನಿಲ್ದಾಣವನ್ನು ಉದ್ಘಾಟಿಸಿದ ಅಂದಿನ ಮುಖ್ಯಮಂತ್ರಿ ವೈ. ಎಸ್. ಜಗನ್ಮೋಹನ ರೆಡ್ಡಿಯವರು ಅದಕ್ಕೆ ಉಯ್ಯಾಲವಾಡ ನರಸಿಂಹರೆಡ್ಡಿಯ ಹೆಸರಿಟ್ಟರು. ಸರ್ಕಾರದ ನಾಮಕರಣವನ್ನು ಪಕ್ಷದ ಪತಾಕೆಯೆನ್ನಬಹುದೇ ಎಂದು ಯಾರಾದರೂ ಆಕ್ಷೇಪಿಸಬಹುದು. ಅಧಿಕಾರದಲ್ಲಿರುವ ಪಕ್ಷ ಇಟ್ಟ ಹೆಸರನ್ನು ಜನ ಆ ಪಕ್ಷದ ಸಂಜ್ಞೆಯಾಗಿಯೇ ಓದುತ್ತಾರೆ. ಯಾವ ಪಕ್ಷಕ್ಕೂ ಇದು ಗೊತ್ತಿಲ್ಲದ ವಿಷಯವಲ್ಲ. ಹೆಸರು ಯೋಗ್ಯವಾದುದೇ. ಆದರೆ ಹೆಸರಿನ ಜೊತೆಗೆ ಆ ೧೧೨ ಮಂದಿ ಬಂದರೇ? ಕಟ್ಟುಬಡಿಗಳು ಬಂದರೇ? ಒಬ್ಬನ ಹೆಸರಿನ ನೆರಳಿನಲ್ಲಿ ಉಳಿದವರು ಮರೆಯಾದಾಗ, ಆ ಉಳಿದವರ ವಂಶಸ್ಥರು ತಮ್ಮದೇ ಮುಖವೊಂದನ್ನು ಹುಡುಕಲು ಹೊರಡುತ್ತಾರೆ. ರೆಡ್ಡಿಯ ಸಂಗಡಿಗನೆಂದು ಪ್ರಸಿದ್ಧನಾದ ವಡ್ಡೆ ಓಬನ್ನನ ಹೆಸರನ್ನು ಒಡ್ಡರ ಸಮುದಾಯದವರು ಇತ್ತೀಚಿನ ವರ್ಷಗಳಲ್ಲಿ ಎತ್ತಿ ಹಿಡಿದಿರುವುದು ಇದಕ್ಕೆ ಸಾಕ್ಷಿ. ಇದರಲ್ಲಿ ಅವರ ತಪ್ಪಿಲ್ಲ. ಒಟ್ಟಾಗಿ ನಡೆದ ದಂಗೆಯನ್ನು ಜಾತಿಗೊಬ್ಬ ವೀರನಂತೆ ಪಾಲುಮಾಡಿಕೊಳ್ಳಬೇಕಾಗಿ ಬಂದ ಸ್ಥಿತಿಯೇ ವಿಷಾದಕರ.

೩

ಕಟ್ಟುಬಡಿಯ ಮಾತು ಬಂದಾಗ ತುಂಗಭದ್ರೆಯ ಆಚೆಗಿನ ಸಂಗೊಳ್ಳಿ ರಾಯಣ್ಣ ನೆನಪಾಗುವುದು ಸಹಜ. ಕಿತ್ತೂರು ಸಂಸ್ಥಾನದ ಈ ವೀರ ಶೇತಸನದಿ. ಸೇವೆಗಾಗಿ ಭೂಮಿ ಪಡೆದವನು. ಕಿತ್ತೂರು ಬಿದ್ದ ಮೇಲೆ ಇಂಥವರ ಭೂಮಿಯ ಮೇಲೆ ಕಂಪನಿಯ ಕಣ್ಣು ಬಿದ್ದಿತು; ಕೆಲವೆಡೆ ಭೂಮಿ ಹೋಯಿತು, ಕೆಲವೆಡೆ ತೆರಿಗೆ ಏರಿತು. ರಾಯಣ್ಣನ ಸುತ್ತ ನೆರೆದವರಲ್ಲಿ ಬಹುಮಂದಿ ಇದೇ ವರ್ಗದವರು. ೧೮೩೧ರ ಜನವರಿ ೨೬ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಕೋಯಿಲಕುಂಟ್ಲಕ್ಕೂ ನಂದಗಡಕ್ಕೂ ನಡುವೆ ೧೬ ವರ್ಷಗಳ ಅಂತರ. ಭಾಷೆ ಬೇರೆ, ಜಾತಿ ಬೇರೆ. ಕಾರಣ ಮಾತ್ರ ಒಂದೇ, ಸೇವೆಯ ಹೊಲ. ಇವೆರಡನ್ನೂ ಒಟ್ಟಿಗೆ ಓದುವ ಅನುಕೂಲ ಎರಡು ಭಾಷೆ ಬಲ್ಲ ನಮ್ಮ ಗಡಿಯ ಉಪಾಧ್ಯಾಯರಿಗೆ ಇರುವಷ್ಟು ಬೇರೆಯವರಿಗಿಲ್ಲ. ರಾಯಣ್ಣನ ದಂಗೆಯ ಲಾವಣಿಯನ್ನೂ ಹಲಗಲಿ ಬೇಡರ ಲಾವಣಿಯನ್ನೂ ೧೮೮೦ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚುಮಾಡಿಸಿದವನು ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೆಂಬುದನ್ನೂ ಇಲ್ಲಿ ಸ್ಮರಿಸಬಹುದು.

ಇಂದು ಬೆಂಗಳೂರಿನ ಮುಖ್ಯ ರೈಲು ನಿಲ್ದಾಣಕ್ಕೆ ರಾಯಣ್ಣನ ಹೆಸರಿದೆ. ೨೦೧೬ರಲ್ಲಿ ಕೆ. ಎಸ್. ಈಶ್ವರಪ್ಪನವರ ಮುಂದಾಳತ್ವದಲ್ಲಿ ರಾಯಣ್ಣನ ಹೆಸರಿನ ಒಂದು ಬ್ರಿಗೇಡೇ ಹುಟ್ಟಿತು. ಹಿಂದುಳಿದವರನ್ನೂ ದಲಿತರನ್ನೂ ಒಗ್ಗೂಡಿಸುವುದು ಅದರ ಉದ್ದೇಶವೆಂದು ಹೇಳಿದರು. ಅದು ಭಾರತೀಯ ಜನತಾ ಪಕ್ಷದೊಳಗೆ ಇಬ್ಬರು ನಾಯಕರ ಬಲಾಬಲದ ವ್ಯಾಜ್ಯವಾಗಿ ಪರಿಣಮಿಸಿ, ೨೦೧೭ರಲ್ಲಿ ಪಕ್ಷದ ವರಿಷ್ಠರು ನಡುವೆ ಬಂದು ತಣ್ಣಗಾಗಿಸಬೇಕಾಯಿತು. ೨೦೨೧ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಶಿವಾಜಿಯ ಪ್ರತಿಮೆಗೆ ಮಸಿ ಬಳಿದರು. ಬೆಳಗಾವಿಯಲ್ಲಿ ರಾಯಣ್ಣನ ಪ್ರತಿಮೆಯನ್ನು ಕೆಡಿಸಿದರು. ೧೬೮೦ರಲ್ಲಿ ತೀರಿಕೊಂಡ ಶಿವಾಜಿಗೂ ಅವನಿಂದ ಒಂದೂವರೆ ಶತಮಾನ ಈಚಿನ ರಾಯಣ್ಣನಿಗೂ ಎಲ್ಲಿಯ ಹಗೆ? ಹಗೆ ಪ್ರತಿಮೆಗಳದಲ್ಲ, ಅವುಗಳ ಹಿಂದೆ ನಿಂತವರದು. ಸೇವೆಯ ಭೂಮಿಯನ್ನು ಕಳೆದುಕೊಂಡವನ ಅಹವಾಲು ಈ ಗಲಭೆಯಲ್ಲಿ ಎಲ್ಲಿಯೂ ಕೇಳಿಬರಲಿಲ್ಲ.

ಇದು ನಮ್ಮ ದೇಶಕ್ಕೆ ಮಾತ್ರ ಸೀಮಿತವಾದ ರೋಗವಲ್ಲ. ಮೆಕ್ಸಿಕೋ ದೇಶದಲ್ಲಿ ರೈತರ ಭೂಮಿಗಾಗಿ ಹೋರಾಡಿದ ಎಮಿಲಿಯಾನೊ ಜಪಾತಾ ೧೯೧೯ರಲ್ಲಿ ಮೋಸದಿಂದ ಹತನಾದನು. ಮುಂದೆ ದೀರ್ಘಕಾಲ ಆಳಿದ ಪಕ್ಷವು ಅವನನ್ನು ತನ್ನ ಕ್ರಾಂತಿಯ ಪಿತೃಗಳಲ್ಲಿ ಒಬ್ಬನೆಂದು ಕೊಂಡಾಡುತ್ತಲೇ ಇತ್ತು. ಅದೇ ಪಕ್ಷದ ಸರ್ಕಾರ ೧೯೯೨ರಲ್ಲಿ ಸಂವಿಧಾನವನ್ನು ತಿದ್ದಿ, ರೈತರಿಗೆ ಭೂಮಿ ಹಂಚುವ ಕಾರ್ಯಕ್ಕೆ ಮಂಗಳ ಹಾಡಿತು. ೧೯೯೪ರ ಜನವರಿ ೧ರಂದು ಚಿಯಾಪಾಸ್ ಪ್ರಾಂತದ ಬಡ ರೈತರು ಜಪಾತಾನ ಹೆಸರಿನಲ್ಲೇ ಆ ಸರ್ಕಾರದ ವಿರುದ್ಧ ಎದ್ದರು. ಮುಖವನ್ನು ಇಟ್ಟುಕೊಂಡು ಅಹವಾಲನ್ನು ಬಿಟ್ಟರೆ, ಬಿಟ್ಟ ಅಹವಾಲು ಒಂದು ದಿನ ಆ ಮುಖವನ್ನು ಕೇಳಿಕೊಂಡು ಬರುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

೪

ಈಗ ಅತ್ಯಂತ ವಿವಾದದ ಹೆಸರಿಗೆ ಬರೋಣ. ಟಿಪ್ಪು ಸುಲ್ತಾನ್ ಬಂಡಾಯಗಾರನಲ್ಲ, ಆಳಿದ ದೊರೆ. ಆದರೆ ಪತಾಕೆಗೇರಿದವರ ಗತಿ ಅವನಿಗೂ ತಪ್ಪಿಲ್ಲ. ಕರ್ನಾಟಕದಲ್ಲಿ ೨೦೧೫ರ ನವೆಂಬರ್ ೧೦ರಂದು ಅಂದಿನ ಕಾಂಗ್ರೆಸ್ ಸರ್ಕಾರ ಅವನ ಜಯಂತಿಯನ್ನು ಸರ್ಕಾರಿ ಉತ್ಸವವನ್ನಾಗಿ ಆಚರಿಸಿತು. ಮಡಿಕೇರಿಯಲ್ಲಿ ಗಲಭೆಯಾಗಿ ಪ್ರಾಣಹಾನಿಯಾಯಿತು. ೨೦೧೯ರಲ್ಲಿ ಬಿ. ಎಸ್. ಯಡಿಯೂರಪ್ಪನವರ ಸರ್ಕಾರ ಅದನ್ನು ಕೈಬಿಟ್ಟಿತು. ಇದೇ ಯಡಿಯೂರಪ್ಪನವರು ಕೆಲವು ವರ್ಷಗಳ ಹಿಂದೆ ಕರ್ನಾಟಕ ಜನತಾ ಪಕ್ಷವನ್ನು ಕಟ್ಟಿದ್ದಾಗ ಟಿಪ್ಪುವಿನ ಮಾದರಿಯ ಪೇಟವನ್ನು ಧರಿಸಿದ್ದ ಚಿತ್ರವನ್ನು ಎದುರು ಪಕ್ಷದವರು ಪದೇಪದೇ ತೋರಿಸಿದರು. ನಡುವಿನ ವರ್ಷಗಳಲ್ಲಿ ಟಿಪ್ಪುವಿನ ಬಗ್ಗೆ ಹೊಸ ಶಾಸನವೇನೂ ಸಿಕ್ಕಿರಲಿಲ್ಲ. ಬದಲಾದದ್ದು ಪಕ್ಷದ ಅಗತ್ಯ. ಆಂಧ್ರದಲ್ಲಿಯೂ ೨೦೨೧ರಲ್ಲಿ ಕಡಪ ಜಿಲ್ಲೆಯ ಪ್ರೊದ್ದಟೂರಿನಲ್ಲಿ ಅವನ ಪ್ರತಿಮೆ ನಿಲ್ಲಿಸುವ ವಿಷಯವಾಗಿ ಆಡಳಿತ ಪಕ್ಷಕ್ಕೂ ಭಾರತೀಯ ಜನತಾ ಪಕ್ಷಕ್ಕೂ ಜಗಳವಾಯಿತು.

ಆದವಾನಿಯವರಾದ ನಾವು ಈ ಜಗಳದಲ್ಲಿ ಹೇಳಬೇಕಾದ ಮಾತೊಂದಿದೆ. ೧೭೮೬ರಲ್ಲಿ ಟಿಪ್ಪು ನಮ್ಮ ಕೋಟೆಗೆ ಮುತ್ತಿಗೆ ಹಾಕಿದನು. ಒಳಗಿದ್ದು ಕಾದವನು ಬಸಾಲತ್ ಜಂಗನ ಮಗ, ನಿಜಾಮನ ಸೋದರನ ಮಗ, ಮಹಾಬತ್ ಜಂಗ್. ಅವನ ಕುಟುಂಬವನ್ನು ಬಿಡಿಸಲು ನಿಜಾಮನ ದಂಡಿನ ಜೊತೆಗೆ ಬಂದವರು ಮರಾಠರು. ಕೂಡುದಂಡು ಆ ಕುಟುಂಬವನ್ನು ಕರೆದುಕೊಂಡು ತುಂಗಭದ್ರೆಯಾಚೆ ಹಿಂದೆ ಸರಿಯಿತು. ಟಿಪ್ಪು ಕೋಟೆಯನ್ನು ಹಿಡಿದು ಅದರ ಗೋಡೆಗಳನ್ನು ಕೆಡವಿಸಿದನು. ಮುಂದೆ ಒಪ್ಪಂದವಾಗಿ ಊರು ನಿಜಾಮನಿಗೆ ಹಿಂದಿರುಗಿತು. ಮುತ್ತಿದವನೂ ಮುಸಲ್ಮಾನ, ಕಾದವನೂ ಮುಸಲ್ಮಾನ. ಕಾದವನ ಹೆಂಗಸರು ಮಕ್ಕಳನ್ನು ರಕ್ಷಿಸಲು ಬಂದವರಲ್ಲಿ ಅರ್ಧ ಹಿಂದೂಗಳು. ಟಿಪ್ಪುವನ್ನು ಧರ್ಮವೀರನೆನ್ನುವ ಪತಾಕೆಗೂ ಧರ್ಮಘಾತುಕನೆನ್ನುವ ಪತಾಕೆಗೂ ನಮ್ಮ ಬೆಟ್ಟದ ಮೇಲಿನ ಈ ಮುರಿದ ಗೋಡೆಗಳು ಒಗ್ಗುವುದಿಲ್ಲ. ಕೊಡಗಿನವರ ನೋವು, ದೀಪಾವಳಿಯ ನರಕಚತುರ್ದಶಿಯನ್ನು ಆಚರಿಸದ ಮೇಲುಕೋಟೆಯ ಮಂಡಯಂ ಅಯ್ಯಂಗಾರರ ದುಃಖ, ೧೭೯೧ರಲ್ಲಿ ಮರಾಠಾ ದಂಡಿನವರಿಂದ ಲೂಟಿಯಾದ ಶೃಂಗೇರಿ ಮಠಕ್ಕೆ ಅವನು ನೀಡಿದ ನೆರವು, ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣದಲ್ಲಿ ಹೋರಾಡುತ್ತ ಪಡೆದ ಸಾವು, ಇವೆಲ್ಲ ಒಬ್ಬನೇ ಮನುಷ್ಯನಿಗೆ ಸೇರಿದವು. ಒಂದನ್ನು ಹೇಳಿ ಇನ್ನೊಂದನ್ನು ನುಂಗುವುದು ಚರಿತ್ರೆಯಲ್ಲ.

ಪತಾಕೆಗೆ ನಿಜವಾದ ವ್ಯಕ್ತಿಯೂ ಬೇಕಾಗಿಲ್ಲವೆಂಬ ಅವಸ್ಥೆಗೆ ೨೦೨೩ರಲ್ಲಿ ಬಂದೆವು. ಕರ್ನಾಟಕದ ವಿಧಾನಸಭೆಯ ಚುನಾವಣೆ ಮೇ ತಿಂಗಳಲ್ಲಿ ನಡೆಯಲಿತ್ತು. ಮಾರ್ಚಿಯಲ್ಲಿ ಪ್ರಧಾನಮಂತ್ರಿಗಳು ಮಂಡ್ಯಕ್ಕೆ ಬಂದಾಗ, ಟಿಪ್ಪುವನ್ನು ಕೊಂದವರೆಂದು ಹೇಳಲಾದ ಉರಿಗೌಡ, ನಂಜೇಗೌಡ ಎಂಬ ಹೆಸರುಗಳ ಮಹಾದ್ವಾರ ಎದ್ದಿತು. ಆಕ್ಷೇಪ ಬಂದೊಡನೆ ಇಳಿಯಿತು. ಮಂತ್ರಿಯೊಬ್ಬರು ಆ ಹೆಸರಿನ ಚಲನಚಿತ್ರಕ್ಕೂ ಸಿದ್ಧರಾದರು. ಆಧಾರವಿಲ್ಲದ ವಿಷಯದಿಂದ ಗೊಂದಲ ಬೇಡವೆಂದು ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮಿಗಳು ತಿಳಿಹೇಳಿದ ಮೇಲೆ ಆ ಪ್ರಯತ್ನ ನಿಂತಿತು. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎಂದು ಗಾದೆ. ಇಲ್ಲಿ ಎಮ್ಮೆ ಇತ್ತೆಂಬುದಕ್ಕೇ ಸಾಕ್ಷಿಯಿರಲಿಲ್ಲ. ಇಂಥ ಸಂದರ್ಭದಲ್ಲಿ ಆಧಾರ ಎಲ್ಲಿ ಎಂದು ಕೇಳುವ ಕೆಲಸವನ್ನು ಉಪಾಧ್ಯಾಯರು, ಸಂಶೋಧಕರು ಮೊದಲು ಮಾಡಬೇಕಾಗಿತ್ತು. ಅದಕ್ಕೆ ಮಠಾಧಿಪತಿಗಳೇ ಮುಂದೆ ಬರಬೇಕಾಯಿತೆಂಬುದು ನಮ್ಮ ವೃತ್ತಿಗೆ ಭೂಷಣವಲ್ಲ.

೫

ಈ ವಿಮರ್ಶೆಯಿಂದ ಪ್ರತಿಮೆಗಳೇ ಬೇಡವೆಂದಾಗಲಿ, ಪಕ್ಷಗಳು ಹಿಂದಿನವರನ್ನು ನೆನೆಯಬಾರದೆಂದಾಗಲಿ ಯಾರೂ ತಿಳಿಯಬಾರದು. ೧೮೬೯ರಲ್ಲಿ ಜ್ಯೋತಿಬಾ ಫುಲೆ ಶಿವಾಜಿಯ ಮೇಲೆ ಪವಾಡ ರಚಿಸಿದಾಗ ಅವನು ಶೂದ್ರ ರೈತರ ದೊರೆಯಾಗಿ ಕಂಡನು. ೧೮೯೦ರ ದಶಕದಲ್ಲಿ ತಿಲಕರು ಶಿವಾಜಿ ಉತ್ಸವ ನಡೆಸಿದಾಗ ಸ್ವರಾಜ್ಯದ ನಾಯಕನಾಗಿ ಕಂಡನು. ಪ್ರತಿ ಪೀಳಿಗೆಯೂ ತನ್ನ ಪ್ರಶ್ನೆಯನ್ನು ಹಿಡಿದುಕೊಂಡೇ ಹಿಂದಿನವರ ಬಳಿಗೆ ಹೋಗುತ್ತದೆ. ಸಿನಿಮಾ ಬರದಿದ್ದರೆ, ನಿಲ್ದಾಣಕ್ಕೆ ಹೆಸರಿಡದಿದ್ದರೆ, ಆಲೂರು, ಕೌತಾಳಂ ಕಡೆಯ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ನರಸಿಂಹರೆಡ್ಡಿಯ ಹೆಸರು ತಿಳಿದಿರುತ್ತಿತ್ತು? ಈ ಉಪಕಾರವನ್ನು ಮರೆಯಲಾಗದು. ದೇವಸ್ಥಾನದಲ್ಲಿ ಮೂಲವಿಗ್ರಹ ಗರ್ಭಗುಡಿಯಲ್ಲೇ ಇರುತ್ತದೆ. ಬೀದಿಗೆ ಬರುವುದು ಉತ್ಸವಮೂರ್ತಿ. ಉತ್ಸವ ತಪ್ಪಲ್ಲ. ಆದರೆ ಉತ್ಸವಮೂರ್ತಿಯನ್ನು ಹೊತ್ತವರು ಗರ್ಭಗುಡಿಗೆ ಬೀಗ ಹಾಕಿ ಹೋಗುವಂತಿಲ್ಲ. ಅದರ ಬಾಗಿಲು ತೆರೆದಿರಿಸುವುದು ಶಾಲೆಯ ಕೆಲಸ.

ತರಗತಿಯಲ್ಲಿ ಇದರ ಅಗತ್ಯ ಎಷ್ಟೆಂಬುದು ನಮಗೆಲ್ಲ ಗೊತ್ತು. ರೆಡ್ಡಿಯ ಮಗ, ಬೋಯರ ಮಗ, ಕುರುಬರ ಹುಡುಗಿ, ಸಾಬರ ಹುಡುಗ ಒಂದೇ ಬೆಂಚಿನ ಮೇಲೆ ಕೂತಿರುತ್ತಾರೆ. ಊರಿನಲ್ಲಿ ಮೆರವಣಿಗೆಯಾದ ಮರುದಿನ ವೀರನು ಒಬ್ಬ ಹುಡುಗನ ಸ್ವತ್ತಾಗಿ, ಪಕ್ಕದವನಿಗೆ ಪರಕೀಯನಾಗಿರುತ್ತಾನೆ. ಆಗ ಉಪಾಧ್ಯಾಯನು ಹೊಗಳಿಕೆಗೂ ಇಳಿಯದೆ ತೆಗಳಿಕೆಗೂ ಇಳಿಯದೆ ಕೆಲವು ಪ್ರಶ್ನೆಗಳನ್ನು ಕಪ್ಪುಹಲಗೆಯ ಮೇಲೆ ಬರೆಯಬಹುದು. ಈತನ ದೂರು ಏನಾಗಿತ್ತು? ಅದು ಇಂದಿಗೂ ಯಾರ ದೂರಾಗಿ ಉಳಿದಿದೆ? ಈತನ ಸಂಗಡ ಹೋದವರು ಯಾರು? ಈತನ ಕೈಯಿಂದ ಸತ್ತವರ ಮನೆಯಲ್ಲಿ ಅಂದು ಏನಾಯಿತು? ಕೊನೆಯ ಪ್ರಶ್ನೆ ಕಠಿಣವಾದುದು. ಕೊಲ್ಲಲ್ಪಟ್ಟ ತಹಸೀಲ್ದಾರನೂ ಈ ನೆಲದ ನೌಕರನೇ. ಅವನನ್ನು ನೆನೆದರೆ ರೆಡ್ಡಿ ಚಿಕ್ಕವನಾಗುವುದಿಲ್ಲ; ದಂಗೆಯೆಂಬುದು ಎಷ್ಟು ದುಬಾರಿಯಾದ ಕೊನೆಯ ಉಪಾಯವೆಂಬುದು ಮಕ್ಕಳಿಗೆ ತಿಳಿಯುತ್ತದೆ.

ಕಡೆಯದಾಗಿ ನಮ್ಮ ಸಮೀಪದ ಒಂದು ಊರನ್ನು ಸಂಘದ ಗಮನಕ್ಕೆ ತರಬಯಸುತ್ತೇವೆ. ದೇವನಕೊಂಡ ಮಂಡಲದ ತೆರ್ನೇಕಲ್ಲಿನಲ್ಲಿ ೧೮೦೧ರಲ್ಲಿ, ನರಸಿಂಹರೆಡ್ಡಿಗಿಂತ ೪೫ ವರ್ಷ ಮೊದಲೇ, ಮುತ್ತುಕೂರು ಗೌಡಪ್ಪನೆಂಬ ಊರ ಗೌಡನ ಮುಂದಾಳತ್ವದಲ್ಲಿ ರೈತರು ಕಂದಾಯದ ಒತ್ತಾಯಕ್ಕೆ ಎದುರು ನಿಂತರು. ಕಂದಾಯದ ಅಧಿಕಾರಿಯೊಬ್ಬ ಹತನಾದನು. ಜನರಲ್ ಕ್ಯಾಂಪ್‌ಬೆಲ್ಲನ ದಂಡು ಬಂದಿತು. ಅದರ ಮೊದಲ ದಾಳಿಯನ್ನು ಊರಿನವರು ಹಿಮ್ಮೆಟ್ಟಿಸಿದರು. ಕೊನೆಗೆ ಕೋಟೆ ಬಿದ್ದು ಘೋರ ಹತ್ಯೆಯಾಯಿತು. ನರಸಿಂಹರೆಡ್ಡಿಗೆ ದೊರೆತ ಪ್ರಸಿದ್ಧಿ ಗೌಡಪ್ಪನಿಗೆ ಒದಗಿಲ್ಲ. ದೊಡ್ಡ ಪತಾಕೆಗೆ ಇನ್ನೂ ಏರದ ಈ ವೃತ್ತಾಂತವನ್ನು ಏರುವ ಮೊದಲೇ ಸಮಗ್ರವಾಗಿ ಸಂಗ್ರಹಿಸುವ ಅವಕಾಶ ನಮಗಿದೆ. ತೆರ್ನೇಕಲ್ಲು, ಪತ್ತಿಕೊಂಡ, ಆಲೂರು ಕಡೆಯ ಉಪಾಧ್ಯಾಯ ಬಂಧುಗಳು ಅಲ್ಲಿಯ ಹಿರಿಯರು ಕನ್ನಡದಲ್ಲಾಗಲಿ ತೆಲುಗಿನಲ್ಲಾಗಲಿ ಹೇಳುವ ಕಥೆ, ಹಾಡು, ಹೊಲದ ಹೆಸರು, ಮನೆತನದ ಹೆಸರುಗಳನ್ನು, ಒಂದಕ್ಕೊಂದು ಹೊಂದದ ಪಾಠಾಂತರಗಳನ್ನೂ ಬಿಡದೆ, ಹೇಳಿದವರ ಅನುಮತಿಯಿಂದ ಬರೆದುಕೊಳ್ಳಲಿ. ಮುಂದಿನ ಸಂಚಿಕೆಗೆ ಅವನ್ನು ಕಳುಹಿಸಿಕೊಟ್ಟರೆ ಸಂಘವು ಎರಡು ಭಾಷೆಗಳಲ್ಲೂ ಅಚ್ಚುಮಾಡಬಹುದು. ಗೌಡಪ್ಪನ ಜೊತೆಗೆ ಸತ್ತ ರೈತರ ಹೆಸರು ಒಂದೆರಡಾದರೂ ದೊರೆತರೆ, ಆ ಅಧಿಕಾರಿಯ ಹೆಸರೂ ದೊರೆತರೆ, ಅವನ್ನು ಒಂದೇ ಪುಟದಲ್ಲಿ ಸೇರಿಸಬೇಕೆಂದು ಸಂಪಾದಕ ಮಂಡಲಿಯವರಲ್ಲಿ ಈಗಲೇ ವಿನಂತಿಸುತ್ತೇವೆ.